ಸುಭಾನನ ಮಾರು

ಮಿರಜ
ತಾ. ೮-೧೧-೧೯೫೧

ಅಕ್ಕಾ,

ನಾನು ಇದ್ದೇನೆ, ಸದ್ಯಕ್ಕೆ ಅಷ್ಟೇ ಸುದ್ದಿ. ಕ್ಷಯದ ದವಾಖಾನೆಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಇರುವುದೂ ಇಲ್ಲ. ನೀನು ಮಾಳಿಗೆಯ ಮೇಲೆ ಹಪ್ಪಳ ಹಾಕುವ ಹಾಗೆ ನಮ್ಮನ್ನೆಲ್ಲ ವರಾಂಡದಲ್ಲಿ ಸಾಲಾಗಿ ಗಾಳಿಗೆ ಹಾಕಿದ್ದಾರೆ. ಮಾತು ಕಡಿಮೆ ಮಾಡಬೇಕೆಂದು ಡಾಕ್ಟರರ ಅಪ್ಪಣೆ. ಕನ್ನಡ ಶಾಲೆಯ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ಮಾತಾಡುವಂತಿಲ್ಲ, ಅದಕ್ಕೇ ಬರೆಯುತ್ತೇನೆ. ನೋಡಲು ಬರುತ್ತೇನೆಂದು ಮಾತ್ರ ಹಟ ಮಾಡಬೇಡ. ಈ ವರಾಂಡದ ಗಾಳಿ ಆರೋಗ್ಯವಂತರಿಗೆ ಒಳ್ಳೆಯದಲ್ಲ.

ನಮ್ಮೂರ ಕೋಟೆಯ ಪುಸ್ತಕವನ್ನು ಮತ್ತೆ ಬರೆಯಲು ಹಿಡಿದಿದ್ದೇನೆ. ಜತ್ತದ ಸಂಸ್ಥಾನ ವಿಲೀನವಾಗಿ ಮೂರು ವರ್ಷ ಆಯಿತು, ನಮ್ಮ ಗುಡ್ಡಕ್ಕೆ ಧಣಿ ಇಲ್ಲ. ನೀನು ಬರೆದಂತೆ ರಸ್ತೆಯ ಗುತ್ತಿಗೆದಾರ ಪೂರ್ವದ ಗೋಡೆಯನ್ನು ಕಿತ್ತು ಗಾಡಿಗೆ ಹೇರುತ್ತಿದ್ದರೆ ಕೋಟೆ ಇನ್ನೆಷ್ಟು ದಿನ ನಿಂತೀತು? ಕೋಟೆ ಮೊದಲು ಹೋಗುತ್ತದೋ ನಾನು ಮೊದಲು ಹೋಗುತ್ತೇನೋ ಗೊತ್ತಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಕಾಗದದ ಮೇಲೆ ಉಳಿಯಬೇಕು.

ಆ ಗೋಡೆಯಲ್ಲಿ ಮೂರು ಕೈ ಇವೆ, ಅಕ್ಕಾ. ಕೆಳಗಿನ ಸಾಲುಗಳಲ್ಲಿ ಎತ್ತಿನಷ್ಟೆತ್ತರದ ಕಲ್ಲುಗಳು. ಗಾರೆ ಇಲ್ಲ, ಸುಣ್ಣ ಇಲ್ಲ, ಕಲ್ಲಿಗೆ ಕಲ್ಲು ಕಚ್ಚಿ ಕೂತಿದೆ. ಅದು ದೇವಗಿರಿಯ ಅರಸರ ಕಾಲದ್ದು, ಇಲ್ಲವೇ ಅದಕ್ಕೂ ಹಳೆಯದು. ಅದರ ಮೇಲೆ ಬಿಜಾಪುರದ ಬಾದಶಹರ ಕಾಲದ ಸಣ್ಣ ಕಲ್ಲು, ಸುಣ್ಣದ ಗಾರೆ, ತೋಪಿನ ಕಿಂಡಿಗಳು. ಎಲ್ಲಕ್ಕೂ ಮೇಲೆ ಸಂಸ್ಥಾನದವರು ಅವಸರದಲ್ಲಿ ಹಚ್ಚಿದ ತೇಪೆ. ಯಾವ ಕೈ ಎಲ್ಲಿ ನಿಂತು ಯಾವುದು ಎಲ್ಲಿಂದ ಹಿಡಿಯಿತೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅಳತೆ ಮಾತ್ರ ಹೇಳಲಾರೆ.

ಅದಕ್ಕೆ ನಮ್ಮ ಸುಭಾನನೇ ಆಗಬೇಕು. ಚಿಕ್ಕವರಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬುರುಜು ಹತ್ತಿಸಿದವನು ಅವನು. ಈಗ ಕಲ್ಲುಕುಟಿಗ. ಅವನು ಎರಡೂ ತೋಳು ಚಾಚಿದರೆ ಒಂದು ಮಾರು. ಊರಿನ ಅರ್ಧ ಮನೆಗಳ ಪಾಯ ಅವನ ಮಾರಿನ ಲೆಕ್ಕದಲ್ಲೇ ಬಿದ್ದಿದೆ. ಹಗ್ಗದ ಒಂದು ತುದಿ ನೀನು ಹಿಡಿ, ಅವನು ಅಳೆಯಲಿ. ಅಳತೆಯನ್ನು ಬರೆದು ಕಳಿಸು. ಬಾಲವಿಧವೆಯಾಗಿ ಮನೆಗೆ ಬಂದ ಅಕ್ಕನಿಗೆ ನಾನು ಅಕ್ಷರ ಕಲಿಸಿದ್ದು ಇಂಥ ದಿನಕ್ಕೇ ಎಂದುಕೋ.

ನಿನ್ನ ತಮ್ಮ
ಗೊಲ್ಲಾಳಪ್ಪ

~

ಕೋಟೆವಾಡಿ, ತಾ. ಜತ್ತ
ತಾ. ೨೯-೧೧-೧೯೫೧

ತಮ್ಮ ಗೊಲ್ಲಾಳಪ್ಪನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ನೀನು ಹಾಲು ಕುಡಿಯುತ್ತೀಯೋ ಇಲ್ಲವೋ ಅದನ್ನು ಮೊದಲು ಬರೆ, ಅರಸರ ಕಾಲ ಆಮೇಲೆ.

ಸುಭಾನ ಎರಡು ದಿನ ಕೆಲಸ ಬಿಟ್ಟು ಬಂದ. ಗುತ್ತಿಗೆದಾರ ಗೋಡೆ ಕೀಳಲು ಅವನನ್ನೇ ಕರೆದಿದ್ದನಂತೆ, ಒಳ್ಳೆಯ ಕೂಲಿಯನ್ನೂ ಹೇಳಿದ್ದನಂತೆ. ಇವನು ಒಲ್ಲೆ ಎಂದ. "ಮಾಸ್ತರ ಬರ್ಕೊಂಡ ಮುಗಸೂತನಾ ನಾ ಒಂದ ಕಲ್ಲ ಅಲಗಿಸೂದಿಲ್ಲ" ಎಂದು ಎಲ್ಲರೆದುರು ಹೇಳಿ ಬಂದಿದ್ದಾನೆ. ಅವನ ಹೆಂಡತಿ ಮಹಮುದಾ ಆ ಸಿಟ್ಟಿಗೆ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ನಿನ್ನೆ ಉಪ್ಪಿನಕಾಯಿ ಕೊಟ್ಟು ಸಮಾಧಾನ ಮಾಡಿದೆ.

ಅಳತೆ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಹೆಬ್ಬಾಗಿಲ ಒಳಗಿನ ಪಡಸಾಲೆ, ಆ ಅಡ್ಡ ತಿರುವಿನವರೆಗೆ, ಸುಭಾನನ ಆರು ಮಾರು. ದಾರಿ ಹೀಗೆ ಯಾಕೆ ತಿರುಗಿದೆ ಎಂದು ಕೇಳಿದ್ದಕ್ಕೆ ಅವನು ಹೇಳಿದ: "ಆನಿ ಓಡಿ ಬಂದು ಬಾಗಲಕ ಹಾಯಬಾರದಂತ, ಸಂಗಕ್ಕಾ. ತಿರುವಿನ್ಯಾಗ ಓಟ ಮುರೀತೈತಿ." ನಿನಗೂ ಗೊತ್ತಿರಬೇಕು.

ಇನ್ನೊಂದು ಸುದ್ದಿ. ಮೇಲಿನ ಅರಮನೆಯ ಹಿಂದೆ ಪಾಪಾಸುಕಳ್ಳಿ ಕಡಿದಾಗ ಒಂದು ಗುಂಡನೆಯ ಚಪ್ಪಡಿ ಸಿಕ್ಕಿತು. ಸುತ್ತ ಗಾರೆ ಮೆತ್ತಿದ್ದಾರೆ. ಹಾರೆಯಿಂದ ಬಡಿದರೆ ಕೆಳಗೆ ಟೊಳ್ಳು ಸದ್ದು. ಹಗೇವು ಇರಬೇಕೆಂದು ಸುಭಾನನ ಅನುಮಾನ. ನಮ್ಮ ಅಂಗಳದ ಹಗೇವಿನ ಹಾಗೆ ಜೋಳ ತುಂಬುತ್ತಿದ್ದ ನೆಲದ ಗುಳಿ ಇದ್ದೀತು ಎನ್ನುತ್ತಾನೆ. ಏನು ಮಾಡೋಣ?

ನಿನ್ನ ಅಕ್ಕ
ಸಂಗವ್ವ

~

ಮಿರಜ
ತಾ. ೧೦-೧೨-೧೯೫೧

ಅಕ್ಕಾ,

ಹಾಲು ಕುಡಿದೆ, ಎರಡು ಲೋಟ. ಸಂತೋಷಕ್ಕೆ ಮೂರನೆಯದನ್ನೂ ಕುಡಿದೇನು!

ಹಗೇವಂತೆ! ಸುಭಾನನಿಗೆ ಹೇಳು, ಕಲ್ಲು ಅವನದು, ಕೋಟೆ ನನ್ನದು. ಹಗೇವು ತೋಡುವುದು ಮಣ್ಣಿನಲ್ಲಿ. ಬಂಡೆಗುಡ್ಡದ ನೆತ್ತಿಯ ಮೇಲೆ ಯಾರು ತೋಡುತ್ತಾರೆ? ಇಂಥ ಕೋಟೆಗಳಲ್ಲಿ ಕಾಳಿಗೆ ಕಲ್ಲಿನ ಅಂಬಾರಖಾನೆ ಕಟ್ಟುತ್ತಿದ್ದರು. ಪಶ್ಚಿಮಕ್ಕೆ ಕಮಾನು ಬಿದ್ದಿರುವ ಆ ಉದ್ದನೆಯ ಕೋಣೆಯೇ ಅದು. ಅರಮನೆಯ ಬೆನ್ನಿಗೆ, ಕಳ್ಳಿಯ ಮರೆಯಲ್ಲಿ ಇರುವುದು ಸುರಂಗ. ಮುತ್ತಿಗೆ ಬಿದ್ದಾಗ ಅರಸನ ಮನೆಯವರು ಹಳ್ಳಕ್ಕೆ ಇಳಿದು ಪಾರಾಗುವ ದಾರಿ. ಅದನ್ನು ನಾನು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೆ, ನನಗೆ ಜ್ವರ ಬಂದಾಗ ಸಿಕ್ಕಿತು ನೋಡು!

ಗುತ್ತಿಗೆದಾರನ ಆಳುಗಳು ಅದನ್ನು ಕಾಣುವ ಮೊದಲೇ ತೆಗೆಯಿರಿ. ಸುಭಾನ ಒಳಗೆ ಇಳಿದು ಎಷ್ಟು ದೂರ ಹೋಗುತ್ತದೆ, ಮೆಟ್ಟಿಲು ಇವೆಯೇ, ಮೇಲೆ ಕಮಾನು ಇದೆಯೇ, ಎಲ್ಲ ನೋಡಲಿ. ಹೆದರುವ ಕಾರಣವಿಲ್ಲ. ಸುರಂಗಕ್ಕೆ ಎರಡು ಬಾಯಿ ಇರುತ್ತವೆ, ಗಾಳಿ ಆಡುತ್ತದೆ. ತಡ ಮಾಡಬೇಡಿ. ನಿನ್ನೆಯಿಂದ ಕೆಮ್ಮು ಕೂಡ ಕಡಿಮೆ.

ಗೊಲ್ಲಾಳಪ್ಪ

~

ಮಿರಜ
ತಾ. ೧೭-೧೨-೧೯೫೧

ಅಕ್ಕಾ,

ಈ ಕಾಗದ ಓದಿದ ಕೂಡಲೇ ಸುಭಾನನ ಮನೆಗೆ ಹೋಗು. ಇನ್ನೂ ಇಳಿದಿಲ್ಲವಾದರೆ ಇಳಿಯಬೇಡ ಎಂದು ಹೇಳು.

ಇವತ್ತು ನಕ್ಷೆಯಲ್ಲಿ ಆ ಬಾಯಿ ಬರೆಯಲು ಕೂತೆ. ಗುಂಡಗೆ ಬರೆದು ಅದನ್ನೇ ನೋಡುತ್ತ ಕೂತಾಗ ನನ್ನ ತಪ್ಪು ಕಂಡಿತು. ಓಡಿ ಹೋಗುವ ದಾರಿಗೆ ಯಾರಾದರೂ ಗುಂಡನೆಯ ಬಾಯಿ ಮಾಡುತ್ತಾರೆಯೇ? ಸುರಂಗದ ಬಾಯಿ ಚೌಕ ಇರಬೇಕು, ಮೆಟ್ಟಿಲು ಬೇಕು, ಹೆಂಗಸರು ಮಕ್ಕಳು ನುಗ್ಗುವಷ್ಟು ಅಗಲ ಬೇಕು. ಚಪ್ಪಡಿಯ ಸುತ್ತ ಗಾರೆ ಮೆತ್ತಿದ್ದು ಗಾಳಿ ಒಳಗೆ ಹೋಗಬಾರದೆಂದು. ಗಾಳಿ ತಾಕಬಾರದ್ದು ಮನುಷ್ಯರಿಗಲ್ಲ, ಕಾಳಿಗೆ. ಸುಭಾನ ಹೇಳಿದ್ದೇ ಸರಿ ಇದ್ದೀತು. ಬಂಡೆಯ ಬಿರುಕನ್ನೇ ಅಗಲ ಮಾಡಿ ಹಗೇವು ಮಾಡಿರಬಹುದು.

ಮನೆಯ ಹಗೇವು ತೆಗೆದಾಗ ಅಪ್ಪ ಏನು ಮಾಡುತ್ತಿದ್ದರೋ ಹಾಗೇ ಮಾಡಿ. ಬಾಯಿ ತೆಗೆದು ಒಂದು ಹಗಲು ಬಿಡಿ. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಿ. ದೀಪ ಆರಿದರೆ ಒಳಗಿನ ಗಾಳಿ ವಿಷವಾಗಿದೆ ಎಂದರ್ಥ, ಯಾರೂ ಕಾಲಿಡಕೂಡದು. ಮರುಟಪಾಲಿಗೆ ಉತ್ತರ ಬರೆ, ಅಕ್ಕಾ. ಒಂದೇ ಸಾಲು ಸಾಕು.

ಗೊಲ್ಲಾಳಪ್ಪ

~

ಕೋಟೆವಾಡಿ
ತಾ. ೨೪-೧೨-೧೯೫೧

ತಮ್ಮ ಗೊಲ್ಲಾಳಪ್ಪನಿಗೆ,

ನಿನ್ನ ಕಾಗದ ವೇಳೆಗೆ ಸರಿಯಾಗಿ ಬಂತು. ನೀನು ಹೇಳಿದಂತೆ ದೀಪ ಇಳಿಬಿಟ್ಟೆವು. ದೀಪ ಆರಿತು. ಸುಭಾನ ಇಳಿಯಲಿಲ್ಲ. ಚಪ್ಪಡಿಯನ್ನು ಮತ್ತೆ ಮುಚ್ಚಿದ್ದೇವೆ. ಅದು ಹಗೇವೇ.

ಎಲ್ಲರೂ ಚೆನ್ನಾಗಿದ್ದೇವೆ. ನೀನು ಚಿಂತೆ ಮಾಡದೆ ಔಷಧ ತೆಗೆದುಕೋ.

ಸಂಗವ್ವ

~

ಕೋಟೆವಾಡಿ
ಅದೇ ದಿನ

ಗೊಲ್ಲಾಳಪ್ಪಾ,

ಈ ಕಾಗದ ಅಂಚೆಗೆ ಹೋಗುವುದಿಲ್ಲ. ಬರೆಯದಿದ್ದರೆ ನನ್ನ ಎದೆ ಒಡೆದೀತೆಂದು ಬರೆಯುತ್ತಿದ್ದೇನೆ.

ಇಳಿಯಬೇಡವೆಂದ ನಿನ್ನ ಎರಡನೆಯ ಕಾಗದವನ್ನು ಡಫಳಾಪುರದ ಅಂಚೆಯವನು ನನ್ನ ಕೈಯಲ್ಲಿಟ್ಟಾಗ ಸುಭಾನನನ್ನು ಮಣ್ಣು ಮಾಡಿ ಬಂದಿದ್ದರು. ಅವರ ಮನೆಯ ಮುಂದೆ ಇನ್ನೂ ಜನ ಕೂತಿದ್ದರು.

ಸುರಂಗವೆಂದ ಮೊದಲ ಕಾಗದವನ್ನು ನಾನೇ ಅವನಿಗೆ ಓದಿ ಹೇಳಿದ್ದು. ಅವನು ತಲೆ ಕೆರೆದುಕೊಂಡ. "ನನಗ್ಯಾಕೋ ಹಗೇವ ಅಂತನ ಅನಸ್ತೈತಿ. ಆದ್ರ ಮಾಸ್ತರ ಬರದಾರಂದ್ರ ಸುರಂಗನ ಇರಬೇಕು ಬಿಡು" ಎಂದ. ಹಗೇವೆಂದು ತಿಳಿದಿದ್ದರೆ ದೀಪ ಇಳಿಬಿಟ್ಟು ನೋಡದೆ ಇಳಿಯುವಷ್ಟು ದಡ್ಡ ನಮ್ಮ ಊರಿನಲ್ಲಿ ಯಾರೂ ಇಲ್ಲ. ಗಾಳಿ ಆಡುವ ಸುರಂಗಕ್ಕೆ ಆ ದೀಪದ ಪರೀಕ್ಷೆ ಯಾಕೆ ಬೇಕು? ಕುರುಬರ ಅಮೋಗಸಿದ್ದನೂ ಇವನೂ ಹಾರೆ ಹಾಕಿ ಚಪ್ಪಡಿ ಸರಿಸಿದರು. ಒಳಗೆ ಕಾಲಿಡಲು ಗೂಡು ಕೊರೆದಿದ್ದರು. ಅದನ್ನು ಕಂಡು ಅವನಿಗೆ ನಂಬಿಕೆ ಬಂತು. ಸೊಂಟಕ್ಕೆ ಹಗ್ಗ ಕಟ್ಟು ಎಂದೆ. ನಕ್ಕುಬಿಟ್ಟ. "ಹಳ್ಳದ ಕಡಿಯಿಂದ ಹೊರಗ ಬರ್ತೀನಿ, ಸಂಗಕ್ಕಾ. ನೀವ ಇಳದ ಬರ್ರಿ" ಎಂದ.

ತಲೆ ಮರೆಯಾದ ಮೇಲೆ ಒಂದೇ ಮಾತು ಬಂತು. "ಅಕ್ಕಾ, ಜ್ವಾಳದ ವಾಸನಿ ಬರ್ತೈತಿ." ಆಮೇಲೆ ಏನೋ ಬಿದ್ದ ಸದ್ದು. ಅಷ್ಟೇ.

ಅಮೋಗಸಿದ್ದ ಇಳಿಯಹೋದ. ನಾನು ಅವನ ಕಂಬಳಿ ಹಿಡಿದು ನೆಲಕ್ಕೆ ಕೂತೆ. ಅವನು ನನ್ನನ್ನು ಬೈದ, ಅತ್ತ, ಕೊನೆಗೆ ಊರಿಗೆ ಓಡಿದ. ಅವರೆಲ್ಲ ಬರುವವರೆಗೆ ನಾನೊಬ್ಬಳೇ ಆ ಬಾಯಿಗೆ ಮುಖ ಕೊಟ್ಟು ಮಲಗಿ ಸುಭಾನಾ ಸುಭಾನಾ ಎಂದು ಕೂಗಿದೆ. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ಇದೆಯಲ್ಲ, ಅದನ್ನು ತಂದು ಇಳಿಬಿಟ್ಟು ಅವನನ್ನು ಎಳೆದರು. ಕೊಕ್ಕೆ ಅವನ ತೋಳಿಗೆ ಸಿಕ್ಕಿತ್ತು. ಮಹಮುದಾ ಅಲ್ಲೇ ನಿಂತು ನೋಡಿದಳು, ಗೊಲ್ಲಾಳಪ್ಪಾ. ಅವನ ಅಂಗಿಗೆಲ್ಲ ಕಪ್ಪಾದ ಜೋಳ ಮೆತ್ತಿತ್ತು.

ಇವತ್ತು ಅವಳ ಮನೆಗೆ ಹೋಗಿ ನಿನ್ನ ಎರಡೂ ಕಾಗದ ಓದಿದೆ. ನಿಜವನ್ನೇ ಬರೆಯುತ್ತೇನೆ ಎಂದೆ. ಅವಳು ನನ್ನ ಕೈ ಹಿಡಿದಳು. ಅವಳಿಗೆ ಅಷ್ಟು ಬಲ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ನೀ ಬರೀಬ್ಯಾಡ. ಈಗ ತಿಳದ್ರ ಅಲ್ಲೇ ಸಾಯ್ತಾನ ಅವಾ. ಸತ್ತಾವಗ ಹೇಳಿ ನಾ ಏನ್ ಮಾಡ್ಲಿ? ಬದಕಿ ಬರ್ಲಿ. ನನ್ನ ಮುಂದ ಕುಂದ್ರಲಿ. ನಾನ ಹೇಳ್ತೀನಿ."

ಆಗಲಿ ಎಂದೆ. ಇನ್ನು ನಾಲ್ಕು ತಿಂಗಳು ಹತ್ತು ದಿನ ಅವಳು ಹೊಸ್ತಿಲು ದಾಟುವಂತಿಲ್ಲ, ಗಂಡ ಸತ್ತವರಿಗೆ ಅವರ ಪದ್ಧತಿ. ನನಗೂ ಒಂದು ಕಾಲಕ್ಕೆ ಹೀಗೇ ಮೂಲೆ ತೋರಿಸಿ ಕೂರಿಸಿದ್ದರು. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ನೀನು ಬದುಕಬೇಕೆಂದು ಹರಕೆಯನ್ನೂ ಹೊತ್ತಿದ್ದೇನೆ.

~

ಮಿರಜ
ತಾ. ೨೦-೩-೧೯೫೨

ಅಕ್ಕಾ,

ಆ ನಾಲ್ಕು ಸಾಲಿನ ಕಾಗದ ಬಂದ ದಿನ ನಾನು ಮಂಚದ ಮೇಲೆ ಕೂತು ಅತ್ತೆ. ಪಕ್ಕದ ಮಂಚದವನು ನರ್ಸಬಾಯಿಯನ್ನು ಕರೆದ. ನನ್ನ ಒಂದು ಮಾತಿಗೆ ಸುಭಾನನ ಜೀವ ಹೋಗುತ್ತಿತ್ತು. "ವೇಳೆಗೆ ಸರಿಯಾಗಿ ಬಂತು" ಎಂಬ ಸಾಲನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಆಪರೇಶನ್ನಿಗೆ ಹೋದೆ. ಪಕ್ಕೆಲುಬು ತೆಗೆದಿದ್ದಾರೆ. ಒಂದು ಹೆಗಲು ಬಾಗಿದೆ, ನಮ್ಮ ಪೂರ್ವದ ಬುರುಜಿನ ಹಾಗೆ. ಆದರೆ ನಿಂತಿದ್ದೇನೆ.

ನಿನ್ನ ಉತ್ತರಗಳು ಯಾಕೆ ಇಷ್ಟು ಚಿಕ್ಕವಾದವು? ಸುಭಾನನೂ ಏನೂ ಹೇಳಿಕಳಿಸಲಿಲ್ಲ. ಅವನ ಮಾತು ತಳ್ಳಿಹಾಕಿ ಹಗೇವನ್ನು ಸುರಂಗ ಎಂದೆನೆಂದು ಮುನಿಸೇ? ಮಾಸ್ತರ ಕಿವಿ ಹಿಡಿದುಕೊಂಡಿದ್ದಾನೆ ಎಂದು ಹೇಳು. ಉಳಿದ ಅಳತೆ ಮುಗಿಸಿ ಕಳಿಸಿಬಿಡಲಿ: ದಕ್ಷಿಣದ ಗೋಡೆ, ಎರಡು ಬುರುಜು, ಬಂಡೆಯಲ್ಲಿ ಕಡಿದ ನೀರಿನ ಹೊಂಡ. ಅದಿಲ್ಲದೆ ನಕ್ಷೆ ಅರ್ಧಕ್ಕೆ ನಿಂತಿದೆ, ನನ್ನ ನಿದ್ದೆಯೂ.

ಗೊಲ್ಲಾಳಪ್ಪ

~

ಕೋಟೆವಾಡಿ
ತಾ. ೧೨-೫-೧೯೫೨

ತಮ್ಮ ಗೊಲ್ಲಾಳಪ್ಪನಿಗೆ,

ತಡವಾಯಿತು. ಮುನಿಸೇನೂ ಇಲ್ಲ. ಸುಭಾನ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಈಗ ದಕ್ಷಿಣದ ಗೋಡೆ, ಬುರುಜು, ಹೊಂಡ ಎಲ್ಲ ಅಳೆದು ಹಾಳೆಯಲ್ಲಿ ಬರೆದಿದ್ದೇನೆ. ಮಹಮುದಾ ಕೂಡ ನಮ್ಮ ಜೊತೆ ಗುಡ್ಡ ಹತ್ತಿದ್ದಳು. ಹಗ್ಗ ಹಿಡಿದಳು. ನಿನ್ನ ತಬ್ಯತ್ತು ಹೇಗಿದೆ, ಎಷ್ಟು ತೂಕ ಏರಿದೆ, ಯಾವಾಗ ಬಿಡುತ್ತಾರೆ ಎಂದು ಪ್ರತಿ ಸಲ ಕೇಳುತ್ತಾಳೆ. ಚೆನ್ನಾಗಿ ಊಟ ಮಾಡು ಎಂದು ಅವಳೇ ಹೇಳಿದ್ದಾಳೆ, ಮರೆಯದೆ ಬರೆ ಎಂದಳು.

ಪೂರ್ವದ ಗೋಡೆ ಪೂರಾ ಹೋಯಿತು. ಮುಚ್ಚಂಡಿಯ ರಸ್ತೆಯಲ್ಲಿ ಅದರ ಜಲ್ಲಿ ಬಿದ್ದಿದೆ.

ಸಂಗವ್ವ

~

ಮಿರಜ
ತಾ. ೩೦-೬-೧೯೫೨

ಅಕ್ಕಾ,

ನಮ್ಮ ಕೋಟೆ ಬಸುರಿಯಾಗಿದೆಯೇ? ಹೊಸ ಅಳತೆಗಳನ್ನು ಹಳೆಯವಕ್ಕೆ ಜೋಡಿಸಿದರೆ ಗೋಡೆಗೆ ಗೋಡೆ ಕೂಡುವುದಿಲ್ಲ. ದಕ್ಷಿಣದ ಬುರುಜು ಹೋಗಿ ಹಳ್ಳದಲ್ಲಿ ನಿಲ್ಲುತ್ತದೆ. ಸುಭಾನ ಎಂದೂ ತಪ್ಪಿದವನಲ್ಲ. ಹೆಬ್ಬಾಗಿಲ ಪಡಸಾಲೆ ಇನ್ನೂ ಇದ್ದರೆ ಅದನ್ನು ಮತ್ತೊಮ್ಮೆ ಅಳೆದು ಹೇಳಲಿ. ಹಿಂದೆ ಆರು ಮಾರು ಬಂದಿತ್ತು. ಅವನ ಮೈಯಲ್ಲಿ ಹುಷಾರಿದೆ ತಾನೆ?

ಮಹಮುದಾಳಿಗೆ ನನ್ನ ಶರಣು ಹೇಳು. ನನ್ನ ಊಟದ ಚಿಂತೆ ಮಾಡುವವರು ನೀನೊಬ್ಬಳೇ ಎಂದುಕೊಂಡಿದ್ದೆ.

ಗೊಲ್ಲಾಳಪ್ಪ

~

ಕೋಟೆವಾಡಿ
ತಾ. ೧೮-೮-೧೯೫೨

ತಮ್ಮ ಗೊಲ್ಲಾಳಪ್ಪನಿಗೆ,

ಪಡಸಾಲೆ ಮತ್ತೆ ಅಳೆದೆವು. ಏಳು ಮಾರು. ಎರಡು ಸಲ ಅಳೆದರೂ ಏಳೇ. ಹೋದ ಸಲ ನಾನೇ ಬರೆಯುವಾಗ ತಪ್ಪಿರಬೇಕೆಂದು ಸುಭಾನ ನಕ್ಕ. ಅವನು ಹುಷಾರಾಗಿದ್ದಾನೆ. ಎಲ್ಲರೂ ಚೆನ್ನಾಗಿದ್ದೇವೆ.

ನೀನು ಯಾವಾಗ ಬರುತ್ತೀಯೆಂದು ಬರೆ.

ಸಂಗವ್ವ

~

ಮಿರಜ
ತಾ. ೯-೨-೧೯೫೩

ಅಕ್ಕಾ,

ಆರು ತಿಂಗಳು ನಿನಗೆ ಒಂದೊಂದೇ ಸಾಲಿನ ಕಾರ್ಡು ಹಾಕುತ್ತ ಬಂದೆ. ನೀನೂ ಹಾಗೇ ಬರೆದೆ. ಇವತ್ತು ಪೂರ್ತಿ ಬರೆಯುತ್ತೇನೆ. ಕೂತು ಓದು.

ಸುಭಾನ ಸತ್ತಿದ್ದು ನನಗೆ ಗೊತ್ತು.

ನಿನ್ನ ಏಳು ಮಾರಿನ ಕಾಗದ ಬಂದ ದಿನವೇ ತಿಳಿಯಿತು. ಕಲ್ಲಿನ ಪಡಸಾಲೆ ಬೆಳೆಯುವುದಿಲ್ಲ. ಗಟ್ಟಿ ಆಳಿನ ತೋಳು ಕುಗ್ಗುವುದಿಲ್ಲ. ಆರು ಏಳಾಗಬೇಕಾದರೆ ಅಳೆದ ತೋಳೇ ಬೇರೆ, ಚಿಕ್ಕದು, ಹೆಂಗಸಿನದು. ಮಹಮುದಾ ಹಗ್ಗ ಹಿಡಿದಳೆಂದು ನೀನೇ ಬರೆದಿದ್ದೆ. ಒಂದು ಗೋಡೆಯಲ್ಲಿ ಮೂರು ಕೈ ಗುರುತು ಹಿಡಿಯುತ್ತೇನೆಂದು ಜಂಬ ಕೊಚ್ಚಿದವನು ನಾನು. ನನ್ನ ಗೆಳೆಯನ ಕೈ ಎಲ್ಲಿ ನಿಂತಿತೆಂದು ಗುರುತಿಸಲು ಇಷ್ಟು ತಡ ಮಾಡಿದೆ.

ಆದರೂ ನಂಬಲು ಮನಸ್ಸಾಗಲಿಲ್ಲ. ಕಂಬಳಿ ವ್ಯಾಪಾರಕ್ಕೆ ಮಿರಜದ ಪೇಟೆಗೆ ಬರುವ ಅವನ ಅಣ್ಣ ನೂರಮಹಮ್ಮದನಿಗೆ ಹೇಳಿಕಳಿಸಿದೆ. ಅವನು ಬಂದು ಬೇವಿನ ಮರದ ಕೆಳಗೆ ದೂರದಲ್ಲೇ ಕೂತ. ನಾನು ಏನೂ ಕೇಳುವ ಮೊದಲೇ "ಹೋದಾವ ಹ್ವಾದ, ಮಾಸ್ತರ. ನೀವರ ಆರಾಮ ಆಗ್ರಿ" ಎಂದ. ನನಗೆ ಗೊತ್ತಿದೆ ಎಂದೇ ಅವನು ತಿಳಿದಿದ್ದ. ಆಮೇಲೆ ಕೇಳಿ ಕೇಳಿ ಎಲ್ಲವನ್ನೂ ಹೇಳಿಸಿದೆ. ಜೋಳದ ವಾಸನೆ, ಪಾತಾಳಗರಡಿ, ನನ್ನ ಎರಡನೆಯ ಕಾಗದ. ಮಹಮುದಾ ನಿನ್ನ ಕೈ ಹಿಡಿದು ಆಡಿದ ಮಾತನ್ನೂ ಹೇಳಿದ.

ನಿನ್ನ ಮೇಲೆ ನನಗೆ ಬಹಳ ಸಿಟ್ಟು ಬಂತು. ದಿಂಬಿನ ಕೆಳಗಿದ್ದ ಆ ಕಾಗದ ಹರಿದು ಹಾಕಿದೆ. ಸುಳ್ಳು ಹೇಳಿ ನನ್ನನ್ನು ಬದುಕಿಸಿದೆ, ಅವನ ಜೀವದ ಮೇಲೆ ನಾನು ನೆಮ್ಮದಿಯಿಂದ ನಿದ್ದೆ ಮಾಡಿದೆ. ಆದರೂ ಮತ್ತೆ ಕಾರ್ಡು ಬರೆದಾಗ ಸುಭಾನ ಹೇಗಿದ್ದಾನೆ ಎಂದೇ ಕೇಳಿದೆ, ನೀನು ಚೆನ್ನಾಗಿದ್ದಾನೆ ಎಂದು ಬರೆದೆ. ಆ ಉತ್ತರಕ್ಕಾಗಿಯೇ ಕೇಳುತ್ತಿದ್ದೆ, ಅಕ್ಕಾ. ನಿನ್ನ ಕಾಗದದಲ್ಲಾದರೂ ಅವನು ಗುಡ್ಡ ಹತ್ತುತ್ತಿದ್ದ.

ನಾನು ಮುಚ್ಚಿಟ್ಟದ್ದು ಇನ್ನೊಂದಿದೆ. ದವಾಖಾನೆಯಿಂದ ನನ್ನನ್ನು ಬಿಡುತ್ತಿರುವುದು ಗುಣವಾಯಿತೆಂದಲ್ಲ. ರೋಗ ಇನ್ನೊಂದು ಪುಪ್ಪುಸಕ್ಕೂ ಇಳಿದಿದೆ. ಇಲ್ಲಿ ಮಾಡುವುದು ಏನೂ ಉಳಿದಿಲ್ಲ, ಮನೆಗೆ ಹೋಗುವುದಾದರೆ ಹೋಗು ಎಂದಿದ್ದಾರೆ. ನನಗೆ ಹೊರಗಿನ ಕಟ್ಟೆಯ ಮೇಲೆ ಹಾಸು. ತಟ್ಟೆ ಲೋಟ ಬೇರೆ ಇಡು. ಅಳಬೇಡ.

ನಕ್ಷೆ ಮುಗಿಸಿದ್ದೇನೆ. ಅರ್ಧ ಕೋಟೆ ಸುಭಾನನ ಮಾರಿನಲ್ಲಿದೆ, ಅರ್ಧ ಮಹಮುದಾಳ ಮಾರಿನಲ್ಲಿ. ಲೆಕ್ಕ ಹಾಕಿ ಎರಡನ್ನೂ ಒಂದು ಮಾಡಬಹುದಿತ್ತು. ಮಾಡಲಿಲ್ಲ. ದಕ್ಷಿಣದ ಮೂಲೆಯಲ್ಲಿ ಗೋಡೆ ಗೋಡೆಗೆ ಕೂಡುವುದಿಲ್ಲ, ನಡುವೆ ಬಯಲು ಉಳಿದಿದೆ. ಹಾಗೇ ಬಿಟ್ಟಿದ್ದೇನೆ. ಅರಮನೆಯ ಹಿಂದಿನ ಗುಂಡನೆಯ ಬಾಯಿಯ ಹತ್ತಿರ ಹಗೇವು ಎಂದು ಬರೆದು, ಕೆಳಗೆ ಸುಭಾನನ ಹೆಸರು ಬರೆದು, ಈ ನಕ್ಷೆ ಬರೆದವನ ಮಾತು ನಂಬಿ ಇಲ್ಲಿ ಸತ್ತ ಎಂದು ಬರೆದಿದ್ದೇನೆ. ಪುಸ್ತಕದಲ್ಲಿ ಆ ಸಾಲು ಬೇಡವೆನ್ನುವವರು ಪುಸ್ತಕವನ್ನೇ ಅಚ್ಚು ಹಾಕಿಸಬೇಕಾಗಿಲ್ಲ.

ಗುರುವಾರ ಮಧ್ಯಾಹ್ನದ ಬಸ್ಸಿಗೆ ಮುಚ್ಚಂಡಿಯಲ್ಲಿ ಇಳಿಯುತ್ತೇನೆ. ಗಾಡಿ ಹೂಡಿ ಅಮೋಗಸಿದ್ದನನ್ನು ಕಳಿಸು. ಮೊದಲು ಮಹಮುದಾಳ ಮನೆಗೆ ಹೋಗುತ್ತೇನೆ. ನನ್ನ ಉಸಿರು ಅವಳಿಗೆ ತಾಕಬಾರದು, ಅಂಗಳದಲ್ಲಿ ದೂರ ಕೂರುತ್ತೇನೆ. ನನಗೆಲ್ಲ ಗೊತ್ತಿದೆಯೆಂದು ಅವಳಿಗೆ ಹೇಳಬೇಡ. ನೂರಮಹಮ್ಮದನ ಹತ್ತಿರವೂ ಆಣೆ ಹಾಕಿಸಿಕೊಂಡಿದ್ದೇನೆ. ಬದುಕಿ ಬರಲಿ ಎಂದು ಅವಳು ಒಂದು ವರ್ಷ ಕಾದಿದ್ದಾಳೆ, ನನಗಾಗಿ ಗಂಡನ ಗುಡ್ಡ ಹತ್ತಿ ಗೋಡೆ ಅಳೆದಿದ್ದಾಳೆ. ಅವಳು ಹೇಳುವಷ್ಟು ಹೊತ್ತು ಕೂತು ಕೇಳುವ ಶಕ್ತಿ ನನ್ನಲ್ಲಿ ಇನ್ನೂ ಇದೆ. ಸುಭಾನ ಎಲ್ಲಿ ಎಂದು ಕೇಳುತ್ತೇನೆ. ಅವಳು ಹೇಳಲಿ. ಮೊದಲ ಸಲ ಕೇಳುವವನ ಹಾಗೆ ಕೇಳುತ್ತೇನೆ.

ನೀನು ಅಲ್ಲಿಗೆ ಬರಬೇಡ. ಅವಳು ಹೇಳಿ ಮುಗಿಸಿದ ಮೇಲೆ ಮನೆಗೆ ಬರುತ್ತೇನೆ.

ಗೊಲ್ಲಾಳಪ್ಪ